ಇಳಿಜಾರಿನ ಓಣಿಯಲ್ಲಿ ಲಾರಿ

ಕಡಲೆ ಒಕ್ಕುವ ಕಾಲ, ಚಳಿ ಇನ್ನೂ ಬಿಟ್ಟಿರಲಿಲ್ಲ. ಹಾಲಿನವ ಬಂದು ಹೋದ ಹೊತ್ತಿಗೆ ದುರ್ಗೇಶ ತನ್ನ ಲಾರಿಯನ್ನು ಮೊದಲ ಸಲ ನಮ್ಮ ಓಣಿಗೆ ಹತ್ತಿಸಿದ. ಗಜೇಂದ್ರಗಡದ ಗುಡ್ಡದ ಬುಡದ ಓಣಿ ನಮ್ಮದು. ಮೇಲೆ ದುರ್ಗೇಶನ ಮನೆ, ಅದಕ್ಕೆ ಅಂಟಿಕೊಂಡು ನಮ್ಮದು, ಕೆಳಗೆ ಓಣಿ ತಿರುಗುವಲ್ಲಿ ನೇಕಾರ ವಾಸುದೇವನದು. ನಮ್ಮ ಬಾಗಿಲಲ್ಲಿ ನೀರು ಚೆಲ್ಲಿದರೆ ಅವನ ಬಾಗಿಲಿಗೆ ಹೋಗಿ ನಿಲ್ಲುತ್ತದೆ.

ಅಲ್ಲಿಯವರೆಗೆ ಲಾರಿ ಊರ ಹೊರಗೆ ರೋಣದ ರಸ್ತೆಯ ಬದಿ ನಿಲ್ಲುತ್ತಿತ್ತು. ಒಮ್ಮೆ ಬ್ಯಾಟರಿ ಕದ್ದರು, ಇನ್ನೊಮ್ಮೆ ಡೀಸೆಲ್ ಹೀರಿಕೊಂಡು ಹೋದರು. ಆಮೇಲೆ ದುರ್ಗೇಶ ಲಾರಿಯಲ್ಲೇ ಮಲಗತೊಡಗಿದ. ಹೆಂಡತಿ ರೂಪಾ ರೊಟ್ಟಿ ಕಟ್ಟಿಕೊಂಡು, ಮಗಳು ಗೌತಮಿಯನ್ನು ಬಗಲಲ್ಲಿ ಎತ್ತಿಕೊಂಡು ಅಲ್ಲಿಯವರೆಗೆ ನಡೆಯುತ್ತಿದ್ದಳು. ಗುರುತು ಹತ್ತದೆ ಕೂಸು ಅಪ್ಪನನ್ನು ಕಂಡರೆ ಅಳುತ್ತಿತ್ತು. ಗಂಡ ರಾತ್ರಿ ಮನೆಯಲ್ಲಿರಬೇಕು, ರೂಪಾಳಿಗೆ ಬೇಕಾದದ್ದು ಅಷ್ಟೇ. ಅವನಿರಬೇಕಾದರೆ ಲಾರಿಯೂ ಇರಬೇಕು.

ವಾಸುದೇವ ಒಪ್ಪಲಿಲ್ಲ. ಅವನದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು, ಸೊಂಟದ ಮಟ ನೆಲದೊಳಗೆ ಕೂತು ನೇಯಬೇಕು. ಲಾರಿ ಚಾಲೂ ಆದರೆ ಹೊಗೆಯೆಲ್ಲ ತಗ್ಗಿಗಿಳಿದು ಅವನ ಮುಖಕ್ಕೇ ಬರುತ್ತಿತ್ತು, ನೆಲ ನಡುಗಿ ಎಳೆ ಹರಿಯುತ್ತಿತ್ತು. ಪುರಸಭೆಗೆ ಅರ್ಜಿ ಕೊಡುತ್ತೇನೆ ಎಂದ. ಒಂದು ಸಂಜೆ ಎಲ್ಲರ ಮುಂದೆ ಕೇಳಿದ:

"ಇದು ಓಣಿಯೋ, ಬಸ್ ಸ್ಟ್ಯಾಂಡೋ? ನಾಳೆ ಇಮಾನ ಇಳಸ್ತೀಯೇನಪಾ ಇಲ್ಲೆ?"

"ಓಣಿ ಅಗಲ ಮಾಡಿಕೊಡ್ರಿ ವಾಸಣ್ಣ, ಅದನ್ನೂ ತರ್ತೀನಿ," ಎಂದ ದುರ್ಗೇಶ.

ಜನ ನಕ್ಕರು. ವಾಸುದೇವ ನಗಲಿಲ್ಲ.

ಅವನನ್ನು ಒಪ್ಪಿಸಿದವಳು ಅವನ ಹೆಂಡತಿ ಭೀಮಾಬಾಯಿ. ರೂಪಾ ಅವಳ ಹತ್ತಿರ ಹೋಗಿ ಅತ್ತಿದ್ದಳು. ಭೀಮಾಬಾಯಿ ಬಾಗಿಲಲ್ಲಿ ನಿಂತು ಗಂಡನಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ.

"ನೀವು ದಿನಾ ಮನ್ಯಾಗ ಕುಂತು ನೇಯ್ತೀರಿ. ಗಂಡ ಇಲ್ಲದ ಮನಿ ಹ್ಯಾಂಗಿರ್ತೈತಿ, ನಿಮಗೇನು ಗೊತ್ತು?"

ಕೊನೆಗೆ ಮಾತಾಯಿತು. ಹೊತ್ತು ಹುಟ್ಟುವ ಮೊದಲು ಲಾರಿ ಚಾಲೂ ಮಾಡಬಾರದು, ಗಾಲಿಗೆ ಅಡ್ಡ ಕಲ್ಲು ಕೊಡದೆ ಬಿಟ್ಟು ಹೋಗಬಾರದು. ಹಳೆಯ ಲಾರಿ, ಹ್ಯಾಂಡ್‌ಬ್ರೇಕ್ ಸರಿಯಾಗಿ ಹಿಡಿಯುತ್ತಿರಲಿಲ್ಲ. ದುರ್ಗೇಶ ಒಂದು ದಿನವೂ ತಪ್ಪಲಿಲ್ಲ. ಗೇರಿನಲ್ಲಿಟ್ಟು, ಕಲ್ಲು ಕೊಟ್ಟು, ಕೈ ತೊಳೆದು ಒಳಗೆ ಹೋಗುತ್ತಿದ್ದ. ಗೌತಮಿ ಅಪ್ಪನ ಎದೆಯ ಮೇಲೆ ಮಲಗುವುದನ್ನು ಕಲಿತಳು. ರೂಪಾ ರೊಟ್ಟಿ ಬಡಿಯುತ್ತ ಹಾಡುವುದು ನಮಗೆ ಕೇಳುತ್ತಿತ್ತು.

ಮಣ್ಣೆತ್ತಿನ ಅಮಾವಾಸ್ಯೆ ಬಂತು. ಅಮಾವಾಸ್ಯೆಯ ದಿನ ಲಾರಿಯವರು ಊರು ಬಿಡುವುದಿಲ್ಲ. ಗೋವಿನಜೋಳದ ಚೀಲ ಹೇರಿದ ಲಾರಿ ಹಾಗೇ ಮನೆಯ ಮುಂದೆ ನಿಂತಿತು. ಗಾಲಿ ತೊಳೆಯಲೆಂದು ದುರ್ಗೇಶ ಅದನ್ನು ತುಸು ಹಿಂದೆ ಮುಂದೆ ಸರಿಸಿ, ಮತ್ತೆ ಕಲ್ಲು ಕೊಟ್ಟ. ರೂಪಾ ಲಾರಿಯ ಮುಂದಿನ ಗಾಜಿನ ಒಳಬದಿ ಮಣ್ಣಿನ ಎತ್ತಿನ ಜೋಡಿ ಇಟ್ಟು, ನಿಂಬೆಹಣ್ಣು ಕಟ್ಟಿ, ಗಾಲಿಗಳಿಗೆ ಅರಿಷಿಣ ಕುಂಕುಮ ಹಚ್ಚಿದಳು. ಗಾಲಿಗೆ ಕೊಟ್ಟ ಕಲ್ಲಿಗೂ ಹಚ್ಚಿ, ಹೂವಿಟ್ಟು, ಊದಿನಕಡ್ಡಿ ಬೆಳಗಿದಳು.

ಮಧ್ಯಾಹ್ನ ಹೋಳಿಗೆ ಉಂಡು ಓಣಿ ಮಲಗಿತ್ತು. ನಾನು ಪೇಟೆಗೆ ಹೋಗಿದ್ದೆ. ನನ್ನ ಹೆಂಡತಿ ಕರಿಯವ್ವ ಮುಸುರೆ ಚೆಲ್ಲಲು ಹೊರಗೆ ಬಂದಾಗ ನಾಯಿಯೊಂದು ಆ ಕಲ್ಲಿನ ಹತ್ತಿರ ಕಾಲೆತ್ತುತ್ತಿತ್ತು. ಓಡಿಸಿದಳು. ಪೂಜೆಯಾದ ಕಲ್ಲು, ಮೇಲೆ ಕುಂಕುಮವಿದೆ, ಹೂವಿದೆ. ಚಪ್ಪಲಿ ಕಾಲಿನವರು ದಾಟಾಡುವ ಜಾಗ ಬೇರೆ. ಕೈ ತೊಳೆದು ಬಂದು, ಕಲ್ಲನ್ನು ಅಲುಗಿಸಿ ತೆಗೆದು, ಕಣ್ಣಿಗೊತ್ತಿಕೊಂಡು ಓಣಿಯ ಬೇವಿನ ಕಟ್ಟೆಯ ಮೇಲೆ ನಾಗಪ್ಪನ ಮೂರ್ತಿಯ ಪಕ್ಕದಲ್ಲಿಟ್ಟಳು.

ಲಾರಿ ಆಗ ಅಲುಗಲಿಲ್ಲ. ಅವಳು ಒಳಗೆ ಪಾತ್ರೆ ತಿಕ್ಕುತ್ತಿದ್ದಾಗ ಬ್ರೇಕ್ ಬಿಟ್ಟುಕೊಟ್ಟು ಲಾರಿ ಇಳಿಜಾರಿಗೆ ಉರುಳಿತು. ಎಂಜಿನ್ನಿನ ಸದ್ದಿಲ್ಲ, ಹಾರ್ನಿಲ್ಲ. ವಾಸುದೇವ ಮಗ್ಗದಲ್ಲಿದ್ದ. ಹೊಸ್ತಿಲಲ್ಲಿ ಕೂತಿದ್ದ ಭೀಮಾಬಾಯಿ ಕೂಗಿ ಪಕ್ಕಕ್ಕೆ ಹಾರಿದಳು. ಕುಣಿಯಲ್ಲಿ ಕಾಲಿದ್ದವನಿಗೆ ಏಳುವಷ್ಟು ಹೊತ್ತು ಸಿಗಲಿಲ್ಲ. ನಾನು ಬಂದಾಗ ಜನ ಗೋಡೆಯ ಕಲ್ಲು ತೆಗೆಯುತ್ತಿದ್ದರು. ದವಾಖಾನೆಗೆ ಒಯ್ಯುವಂಥದ್ದು ಏನೂ ಉಳಿದಿರಲಿಲ್ಲ.

ಪೊಲೀಸರು ಬಂದರು. ಗಾಲಿ ತೊಳೆದ ಮೇಲೆ ಗೇರು ಹಾಕಿದೆನೋ ಇಲ್ಲವೋ ನೆನಪಿಲ್ಲ ಎಂದ ದುರ್ಗೇಶ. ಕಲ್ಲು ಇತ್ತು, ನಾನೇ ಪೂಜೆ ಮಾಡಿದ್ದೇನೆ ಎಂದಳು ರೂಪಾ. ಎಲ್ಲಿದೆ ತೋರಿಸು ಎಂದರು. ಗಂಡನನ್ನು ಉಳಿಸಿಕೊಳ್ಳಲು ಸುಳ್ಳು ಹೇಳುತ್ತಿದ್ದಾಳೆ ಎಂದು ಹಿಂದೆ ಯಾರೋ ಅಂದರು. ಆಗ ಕರಿಯವ್ವ ಜನರನ್ನು ಸರಿಸಿಕೊಂಡು ಮುಂದೆ ಬಂದಳು.

"ಖರೇ ಐತ್ರಿ. ಕಲ್ಲು ಇತ್ತು. ನಾನಽ ಎತ್ತಿ ಕಟ್ಟಿಮ್ಯಾಲೆ ಇಟ್ಟೀನಿ."

ಅದನ್ನೂ ಬರೆದುಕೊಂಡರು. ಆದರೂ ಒಯ್ದದ್ದು ದುರ್ಗೇಶನನ್ನು. ಜಾಮೀನಿನ ಮೇಲೆ ಹೊರಬಂದ. ಲಾರಿ ಮಾತ್ರ ಇನ್ನೂ ಕೆಲವು ದಿನ ಠಾಣೆಯ ಮುಂದೆ ನಿಂತಿತ್ತು.

ದಿನಕರ್ಮ ಮುಗಿದ ಮೇಲೆ ಕರಿಯವ್ವ ಹೋಗಿ ಭೀಮಾಬಾಯಿಯ ಮುಂದೆ ಕೂತಳು. ನಾನು ಬಾಗಿಲಲ್ಲಿ ನಿಂತಿದ್ದೆ. ಭೀಮಾಬಾಯಿ ಅಂದಳು:

"ನೀ ದೇವ್ರಂತ ಎತ್ತಿಟ್ಟಿ ಯವ್ವಾ. ಅಕಿ ದೇವ್ರಂತ ಪೂಜಿ ಮಾಡಿದ್ಳು. ಬ್ಯಾಡ ಅಂದಾವ್ರು ನಮ್ಮ ಮನಿಯವರೊಬ್ರಽ. ಅವರ ಬಾಯಿ ಮುಚ್ಚಿಸಿದಾಕಿ ನಾನು."

ಆಮೇಲೆ ಆ ವಿಷಯ ಅವಳು ಎತ್ತಲಿಲ್ಲ. ಕರಿಯವ್ವ ನಮ್ಮ ಹೊಸ್ತಿಲಲ್ಲಿ ಕೂರುವುದನ್ನೇ ಬಿಟ್ಟಳು.

ಲಾರಿ ಕೈಗೆ ಬಂದರೂ ದುರ್ಗೇಶ ಓಣಿಗೆ ತರಲಿಲ್ಲ. ತರಬೇಡ ಎಂದು ಯಾರೂ ಹೇಳಿರಲಿಲ್ಲ. ಮತ್ತೆ ರೋಣದ ರಸ್ತೆಯ ಬದಿ, ಮತ್ತೆ ಲಾರಿಯಲ್ಲೇ ನಿದ್ದೆ. ರೊಟ್ಟಿ ಒಯ್ಯಬೇಕಾದರೆ ರೂಪಾ ಆ ಒಡೆದ ಗೋಡೆ ದಾಟಿಯೇ ಹೋಗಬೇಕು. ಒಳಗೆ ಕೂತ ಭೀಮಾಬಾಯಿ ತಲೆಯೆತ್ತುತ್ತಿರಲಿಲ್ಲ.

"ಭೀಮಾಬಾಯಿ ಬೈದಿದ್ರ ಇರ್ತಿದ್ದೆ ಯವ್ವಾ," ಎಂದಳು ರೂಪಾ, ಮನೆಯ ಕೀಲಿಯನ್ನು ಕರಿಯವ್ವನ ಕೈಗೆ ಕೊಡುತ್ತ.

ದುರ್ಗೇಶ ಬಾಡಿಗೆಯ ಮೇಲೆ ನರಗುಂದದ ಕಡೆ ಹೋಗಿದ್ದ. ಗಂಟು ಹಿಡಿದು ನಾನೇ ಬಸ್ ಸ್ಟ್ಯಾಂಡಿನವರೆಗೆ ಹೋದೆ. ರೂಪಾ ಮಗಳನ್ನು ಎತ್ತಿಕೊಂಡು ಯಾವಗಲ್ ಊರಿನ ತವರಿಗೆ ಹೋದಳು. ಅಂದು ಶ್ರಾವಣದ ಮೊದಲ ಸೋಮವಾರ.