ಹುಟ್ಟಿದವರ ಪಟ್ಟಿ

"ಇಲ್ಲೇ ಹುಟ್ಟಿದೋರು ಮಾತ್ರ ಅಂತ ಐತಲ್ಲಮ್ಮ. ನಿಮ್ಮಜ್ಜಿ ಹುಟ್ಟಿದ್ದು ರಾಯದುರ್ಗದ ಕಡೆ. ಹೆಂಗೆ ಸೇರಿಸ್ಲಿ?" ಹೆಡ್‌ಮಾಸ್ತರು ಮುರುಗೇಂದ್ರಪ್ಪ ಯರ್ರಮ್ಮನ ಹೆಸರನ್ನು ಹೊಡೆದುಹಾಕಿ, ಹಾಳೆಯನ್ನು ನಾಗರತ್ನಳ ಕೈಗಿಟ್ಟರು. "ಚೆಂದಾಗಿ ಇನ್ನೊಂದು ಬರ್ಕೊಂಡ್ ಬಾ. ನಾಲ್ಕು ಗಂಟೆ ಬಸ್ಸಿಗೆ ಮೊಳಕಾಲ್ಮೂರಿಗೆ ಕಳಿಸ್ಬೇಕು."

ಊರೂರಿನ ಗಣ್ಯರ ಬಗ್ಗೆ ತಾಲ್ಲೂಕಿನ ಪುಸ್ತಕವೊಂದು ಬರುವುದಿತ್ತು. ಮಾದರಿಗೆಂದು ಯಾರೋ ಪುಣ್ಯಾತ್ಮರು ಇಂಟರ್‌ನೆಟ್ಟಿನಿಂದ ತೆಗೆದು ಕಳಿಸಿದ್ದು ಜರ್ಮನಿಯ ಹೊಳೆದಂಡೆಯ ಪುಟ್ಟ ಊರೊಂದರ ಪಟ್ಟಿ. ಎರಡು ಸಾವಿರ ಜನರ ಊರಿಗೆ ಹನ್ನೊಂದು ಮಂದಿ ಗಣ್ಯರು: ಗಡಿಯಾರ ಮಾಡಿದವನು, ಚಿತ್ರ ಬರೆದವನು, ಒಬ್ಬ ಕುಸ್ತಿ ಪೈಲ್ವಾನ. ಈ ಊರಿನಲ್ಲಿ ಹುಡುಕಿ ಹುಡುಕಿ ಸಿಕ್ಕಿದ್ದು ಆರೇ ಜನ. ಆರನೆಯವರು ಸ್ವತಃ ಮುರುಗೇಂದ್ರಪ್ಪನವರೇ.

ಅತಿಥಿ ಶಿಕ್ಷಕಿಯ ಕೆಲಸ, ಎದುರು ಮಾತಾಡುವಂತಿಲ್ಲ. ನಾಗರತ್ನ ಮನೆಗೆ ಬಂದು ಕೂತಳು, ಎದ್ದಳು, ಬಾಗಿಲ ತನಕ ಹೋಗಿ ಬಂದಳು. ಐವತ್ತು ವರ್ಷ ಊರಿನ ಹೆರಿಗೆ ಮಾಡಿಸಿದ ಅಜ್ಜಿ ಕಟ್ಟೆಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದಳು. ಅವಳು ಇರುವಾಗಲೇ ಹೆಸರು ಅಚ್ಚಾಗಲಿ ಎಂದು ಎಷ್ಟು ಆಸೆಯಿತ್ತು! ಸೊಸೆಯಾಗಿ ಬಂದವಳೆಂದು ಲೆಕ್ಕಕ್ಕೇ ಇಲ್ಲವೆ?

"ಯಾಕವ್ವ ಒಂದೇ ಸಮ ತಿರುಗ್ತೀಯಾ? ಅದೇನು ಓದು, ಕೇಳಾನ," ಎಂದಳು ಯರ್ರಮ್ಮ.

ನಾಗರತ್ನ ಜರ್ಮನಿಯವರನ್ನು ಒಬ್ಬೊಬ್ಬರಾಗಿ ಓದಿದಳು.

"ಇವ್ರನ್ನೆಲ್ಲ ಹಿಡಿದೋರ್ಯಾರು?"

"ಹಿಡಿಯೋದು ಅಂದ್ರೆ?"

"ಹುಟ್ಟಿದ್ರು ಅಂತೀಯಲ್ಲ, ತಾವೇ ಬಂದು ಬಿದ್ರಾ? ಯಾರೋ ಕೈಯೊಡ್ಡಿ ಹಿಡಿದಿರ್ತಾರೆ. ಆಯಮ್ಮನ ಹೆಸರು ಬರ್ದಿಲ್ವಾ?"

"ಇಲ್ಲಜ್ಜಿ."

"ಅಲ್ಲೂ ಇಲ್ವಾ," ಎಂದು ಅಜ್ಜಿ ಬೀಜವನ್ನು ಬದಿಗೆ ಹಾಕಿದಳು.

ನಾಗರತ್ನ ತಮ್ಮೂರಿನ ಆರು ಹೆಸರನ್ನೂ ಕೂಗಿದಳು. ಆರಕ್ಕೂ ಅಜ್ಜಿ "ಹೂಂ, ನಾನೇಯ" ಅಂದಳು. ನಾಗರತ್ನ ಹೊಸ ಹಾಳೆಯಲ್ಲಿ ಹೆಸರು, ಹುಟ್ಟಿದ ವರ್ಷ, ಸಾಧನೆ ಎಂದು ಕಾಲಂ ಹಾಕಿ, ಪಕ್ಕಕ್ಕೆ ಇನ್ನೊಂದು ಹಾಕಿದಳು: ಹೆರಿಗೆ ಮಾಡಿಸಿದವರು. ಆರೂ ಸಾಲಿಗೆ ಒಂದೇ ಹೆಸರು. ಬಸ್ಸಿಗೆ ಹೊತ್ತಾಗುತ್ತಿತ್ತು, ಅವಸರದಲ್ಲಿ ಬರೆದು ಮುಗಿಸಿದಳು. ಕೆಲಸ ಹೋದರೆ ಹೋಗಲಿ ಅನ್ನಿಸಿತು.

ಶಾಲೆಯಲ್ಲಿ ಮುರುಗೇಂದ್ರಪ್ಪ ಹಾಳೆ ನೋಡಿದರು. ಹುಬ್ಬು ಗಂಟಾಯಿತು. ಬೆರಳು ಒಂದೊಂದೇ ಸಾಲು ಇಳಿದು ಅವರ ಹೆಸರಿನ ಮುಂದೆ ನಿಂತಿತು. ಹೊರಗೆ ಬಸ್ಸು ಹಾರ್ನ್ ಹಾಕಿತು. ಅವರು ಕೆಂಪು ಪೆನ್ನು ತೆಗೆದರು.

"ಅಜ್ಜಿ ಹೆಸರನ್ನೇ ತಪ್ಪು ಬರ್ದಿದೀಯಲ್ಲಮ್ಮ," ಎಂದು ಗೊಣಗಿ, ತಮ್ಮ ಸಾಲಿನ ಯರಮ್ಮನಿಗೆ ಬಿಟ್ಟುಹೋಗಿದ್ದ ಒತ್ತು ಹಾಕಿದರು.