ಹಿತ್ತಿಲ ಬಾಗಿಲ ಹಿಂದಿನ ಬಕೆಟ್ಟು

ಡೆಲ್ಫ್ಟ್ ಊರಿನಲ್ಲಿ ಹೆಂಗಸಿನ ಮರ್ಯಾದೆ ಅಳೆಯುತ್ತಿದ್ದುದು ಹೊಸ್ತಿಲು ನೋಡಿ. ಬಾರ್ಚೆಯ ಹೊಸ್ತಿಲಷ್ಟು ಬೆಳ್ಳಗಿನದು ಆ ಬೀದಿಯಲ್ಲೇ ಇನ್ನೊಂದಿರಲಿಲ್ಲ. ಅಂಥವಳು ಇವತ್ತು ಹೊಸ್ತಿಲಿನ ಜೊತೆ ಗಂಡನ ಮಾನವನ್ನೂ ತೊಳೆದು ಕೂತಿದ್ದಳು.

ಗಂಡ ಯಿಲಿಸ್ ಬಟ್ಟೆ ವ್ಯಾಪಾರಿ. ನೂಲೆಳೆ ಎಣಿಸುವ ಭೂತಗನ್ನಡಿ ಸಾಲದೆ, ತಾನೇ ಉಜ್ಜಿ ಉಜ್ಜಿ ಕಡಲೆಕಾಳಿಗಿಂತ ಸಣ್ಣ ಗಾಜು ಮಾಡಿಕೊಂಡು, ಒಂದು ದಿನ ಅದರಲ್ಲಿ ನಿಂತ ಮಳೆನೀರಿನ ಹನಿ ನೋಡಿದ್ದ. ನೀರಿನ ತುಂಬ ಪ್ರಾಣಿಗಳು! ಲಂಡನ್ನಿನ ಪಂಡಿತರಿಗೆ ಬರೆದ. ಪಂಡಿತರ ಭಾಷೆಯಾದ ಲ್ಯಾಟಿನ್ ಬಾರದ ಬಟ್ಟೆಯವನ ಮಾತನ್ನು ಯಾರು ನಂಬುತ್ತಾರೆ? ಊರ ದೊಡ್ಡವರು ಕಣ್ಣಾರೆ ಕಂಡು ಸಹಿ ಹಾಕಲಿ ಎಂದು ಉತ್ತರ ಬಂತು. ಹಾಗಾಗಿ ಊರ ಪಾದ್ರಿಯೂ ನೋಟರಿಯೂ ಬಂದು ಕೂತಿದ್ದರು. ಸಹಿಯಾದ ಕಾಗದವನ್ನು ಲಂಡನ್ನಿಗೆ ಒಯ್ಯುವ ಹಡಗು ನಾಳೆ ಬೆಳಿಗ್ಗೆಯೇ ಹೊರಡುವುದಿತ್ತು.

ದೊಡ್ಡವರು ಬರುತ್ತಾರಲ್ಲ ಎಂದು ಬಾರ್ಚೆ ಕಿಟಕಿಯಲ್ಲಿ ಯಿಲಿಸ್ ಮಳೆನೀರು ಇಟ್ಟಿದ್ದ ಪಾಚಿಗಟ್ಟಿದ ಲೋಟವನ್ನು ಮರಳು ಹಾಕಿ ತಿಕ್ಕಿ, ಬಾವಿಯ ಹೊಸ ನೀರು ತುಂಬಿಟ್ಟಿದ್ದಳು. ನೋಟರಿ ನೋಡಿದರು, ಪಾದ್ರಿ ನೋಡಿದರು. ಏನೂ ಇಲ್ಲ.

"ನೂಲು ಎಣಿಸಿ ಎಣಿಸಿ ನಿನ್ ಕಣ್ಣು ಸೋತಿದೆ ಕಣಯ್ಯಾ," ಎಂದರು ನೋಟರಿ. "ಕಾಣದ್ದಕ್ಕೆ ಹೆಂಗೆ ಸಹಿ ಹಾಕ್ಲಿ?"

ಯಿಲಿಸ್ ಲೋಟ ನೋಡಿದ, ಹೆಂಡತಿಯನ್ನು ನೋಡಿದ, ಅರ್ಥವಾಯಿತು. ತಲೆ ತಗ್ಗಿಸಿ ಗಾಜು ಒರೆಸತೊಡಗಿದ. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

ಹಿತ್ತಿಲ ಬಾಗಿಲ ಹಿಂದೆ ಒಂದು ಬಕೆಟ್ಟಿತ್ತು. ಸೂರಿನಿಂದ ಹಿಡಿದ ಮಳೆನೀರು, ವಾರದಿಂದ ಅದರಲ್ಲೇ ಕೊಳೆಯುತ್ತಿದ್ದ ನೆಲ ಒರೆಸುವ ಬಟ್ಟೆ. ಮುಂಬಾಗಿಲು ತಿಕ್ಕುವ ಗಡಿಬಿಡಿಯಲ್ಲಿ ಚೆಲ್ಲಿರಲಿಲ್ಲ. ಪಾದ್ರಿಗಳ ಕಣ್ಣಿಗೆ ಬಿದ್ದರೆ ಭಾನುವಾರದೊಳಗೆ ಊರಿಗೆಲ್ಲ ಗೊತ್ತು. ಅವಳು ಎದ್ದು ಹೋಗಿ ಅದನ್ನೇ ಎತ್ತಿ ತಂದು ನಡುಮನೆಯಲ್ಲಿ ಇಟ್ಟಳು. ಪಾದ್ರಿ ಮೂಗು ಮುಚ್ಚಿಕೊಂಡರು.

ಯಿಲಿಸ್ ಅದರಿಂದ ಒಂದು ಹನಿ ತೆಗೆದ. ಗಾಜಿಗೆ ಕಣ್ಣಿಟ್ಟ ನೋಟರಿ ಅದನ್ನು ಬಿಟ್ಟುಕೊಡಲೇ ಇಲ್ಲ. ಆಮೇಲೆ ಪಾದ್ರಿಗಳಿಗೂ ಅವರಿಗೂ ಗಾಜಿಗಾಗಿ ಮಕ್ಕಳ ಹಾಗೆ ಕಿತ್ತಾಟವೇ ಆಯಿತು. ಇಬ್ಬರೂ ಎಣಿಸಹೊರಟು ಲೆಕ್ಕ ತಪ್ಪಿದರು, ನಕ್ಕರು, ಮತ್ತೆ ಎಣಿಸಿದರು. ಯಿಲಿಸ್‌ಗೆ ಖುಷಿಯಲ್ಲಿ ಕಣ್ಣೇ ತುಂಬಿತು.

ಕೊನೆಗೆ ನೋಟರಿ ಬರೆಯುವ ಗರಿಯನ್ನು ಶಾಯಿಗೆ ಅದ್ದಿ, ಬಾರ್ಚೆಯ ಕಡೆ ನೋಡಿ ದನಿ ತಗ್ಗಿಸಿದರು. "ನೀರು ಎಲ್ಲೀದು ಅಂತ ಬರೀಬೇಕಮ್ಮಾ. ಮಳೆನೀರಿನ ತೊಟ್ಟೀದು ಅಂದ್ಬಿಡ್ಲಾ?"

ಅವಳು ಗಾಜಿಗಾಗಿ ಕೈ ಚಾಚಿದಳು. ಅದುವರೆಗೂ ಅವಳಿಗೆ ನೋಡು ಎಂದು ಯಾರೂ ಹೇಳಿರಲಿಲ್ಲ. ಕಣ್ಣಿಟ್ಟಳು. ಅವಳ ಮನೆಯ ಕೊಳೆ ಜಾತ್ರೆಯ ಹಾಗೆ ಗಿಜಿಗುಡುತ್ತಿತ್ತು. ಎಷ್ಟು ಚೆಂದ ಇತ್ತು!

"ಸುಳ್ಳು ಬರೆದು ನನ್ ಯಜಮಾನ್ರ ಮಾತು ಕೆಡಿಸ್ಬೇಡಿ ಸ್ವಾಮಿ," ಎಂದಳು, ಕಣ್ಣು ತೆಗೆಯದೆ. "ಬಾರ್ಚೆಯ ನೆಲ ಒರೆಸೋ ಬಕೆಟ್ಟು ಅಂತ್ಲೇ ಬರೀರಿ."