ಗಿಡುಗ ಬಿಟ್ಟ ಹುಂಜ

ಫ್ರಾನ್ಸಿನ ನಮ್ಮ ಬ್ರೆಸ್ ಸೀಮೆಯಲ್ಲಿ ಕೋಳಿ ಹುಲ್ಲಿನ ಮೇಲೆಯೇ ಬೆಳೆಯಬೇಕು. ಹುಳ ಹೆಕ್ಕಿ, ಓಡಾಡಿ, ಕಾದಾಡಿ ಬೆಳೆದದ್ದೇ ಮಾಂಸ, ಮಿಕ್ಕದ್ದೆಲ್ಲ ಹತ್ತಿ. ಹೀಗೆಂದರೆ ನನಗೆ ಜಂಭ ಎನ್ನುತ್ತಾರೆ. ಹೌದು, ಜಂಭವೇ.

ಆ ವರ್ಷ ಬೇಸಿಗೆಯಿಂದಲೇ ಒಂದು ಗಿಡುಗ ನಮ್ಮ ಹುಲ್ಲುಗಾವಲಿಗೆ ಗಂಟುಬಿದ್ದಿತ್ತು. ನರಿಯಾದರೆ ಬೇಲಿ ಹಾಕಬಹುದು, ಆಕಾಶಕ್ಕೆ ಹಾಕುವುದು ಹೇಗೆ? ನನ್ನ ಗಂಡ ಅನ್ಸೆಲ್ಮ್ ಉದುರಿದ ಗರಿ ಗುಡಿಸಿ ಗುಡಿಸಿ ಬೇಸತ್ತ.

"ನೋಡೇ, ಕ್ರಿಸ್‌ಮಸ್ ಮುಂಚಿನ ಕೋಳಿ ಸ್ಪರ್ಧೇಲಿ ಈ ಸಲಾನೂ ಬಹುಮಾನದ ರಿಬ್ಬನ್ ಬರ್ಲಿಲ್ಲ ಅಂದ್ರೆ ಈ ಕೋಳಿ ಸಹವಾಸ ಸಾಕು. ಹುಲ್ಲುಗಾವಲು ಉತ್ತು ಮೆಕ್ಕೆಜೋಳ ಹಾಕ್ತೀನಿ."

"ಆ ಜೋಳ ತಿನ್ನೋಕೆ ಕೋಳಿ ಬೇಡ್ವಾ?" ಅಂದೆ. ಅವನು ನಗಲಿಲ್ಲ.

ಮೈದುನ ಗಾಸ್ಪಾರ್ ಗಿಡುಗಕ್ಕೆ ಹೆದರಿ ತನ್ನ ಹುಂಜಗಳನ್ನು ಅವಧಿಗೆ ಮುಂಚೆಯೇ ಕೊಬ್ಬಿಸುವ ಮರದ ಗೂಡಿಗೆ ಸೇರಿಸಿದ್ದ. ಬೇಲಿಗೆ ಒರಗಿ ನನ್ನನ್ನು ಕುಟುಕುವುದೇ ಅವನ ಕೆಲಸ.

"ಅತ್ತಿಗೆ, ನೀವು ಸಾಕ್ತಿರೋದು ಕೋಳೀನೋ ಗಿಡುಗಾನೋ?"

"ಸೋಮಾರಿ ಮೈದುನನ್ನಂತೂ ಸಾಕ್ತಿಲ್ಲವಲ್ಲ, ಅಷ್ಟೇ ಪುಣ್ಯ."

ಒಂದು ಮಧ್ಯಾಹ್ನ ಗಿಡುಗ ನನ್ನ ಕಣ್ಣೆದುರೇ ಎಲ್ಲಕ್ಕಿಂತ ದೊಡ್ಡ ಹುಂಜದ ಮೇಲೆ ಎರಗಿತು. ಪೊರಕೆ ಹಿಡಿದು ಓಡಿದೆ. ನಾನು ಮುಟ್ಟುವಷ್ಟರಲ್ಲಿ ಹುಂಜವೇ ಒದ್ದು ಕೊಸರಿಕೊಂಡು ಪೊದೆಗೆ ನುಗ್ಗಿತ್ತು. ಕತ್ತಿನಲ್ಲಿ ಉಗುರಿಳಿದ ಗಾಯ. ತೊಳೆದು ಮುಲಾಮು ಹಚ್ಚಿದೆ. ಗಾಯ ಮಾಗಿ ಕಲೆ ಉಳಿಯಿತು. ಆದರೂ ಅದನ್ನು ಹುಲ್ಲಿಗೇ ಬಿಟ್ಟೆ, ಕೊನೆಯ ಕೆಲವು ವಾರ ಕೊಬ್ಬಿಸುವ ಕಾಲ ಬಂದಾಗಲೇ ಗೂಡಿಗೆ ಹಾಕಿದೆ.

ಸ್ಪರ್ಧೆಗೆ ಮುನ್ನ ಹುಂಜವನ್ನು ಕೊಯ್ದು, ಪುಕ್ಕ ಕಿತ್ತು, ಮೈ ನುಣುಪಾಗಿ ಕಾಣಲೆಂದು ಬಾಣಂತಿ ಮನೆಯ ಕೂಸಿನ ಹಾಗೆ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಹೊಲಿಯುತ್ತೇವೆ. ಕತ್ತಿನ ಮೇಲ್ಭಾಗದ ಗರಿ ಮಾತ್ರ ಕೀಳುವುದಿಲ್ಲ. ಅದು ಜಾತಿಯ ಗುರುತು. ನನ್ನ ಹುಂಜದ ಕಲೆ ಆ ಗರಿಯ ಅಡಿಗೇ ಬಂತು. ಚರ್ಮದಲ್ಲಿ ಕಲೆ ಕಂಡರೆ ಬಹುಮಾನವಿಲ್ಲ.

"ಬಾಯಿ ಮುಚ್ಕೊಂಡಿರು," ಅಂದ ಅನ್ಸೆಲ್ಮ್.

ಸ್ಪರ್ಧೆಯ ದಿನ ಹೊಲಿಗೆ ಬಿಚ್ಚಿದ ಹುಂಜಗಳನ್ನು ತೀರ್ಪುಗಾರ್ತಿ ಬೆರ್ತಿಲಮ್ಮ ಒಂದೊಂದಾಗಿ ಒತ್ತಿ ನೋಡುತ್ತ ಬಂದರು. ಗಾಸ್ಪಾರನ ಹುಂಜದ ಎದೆಯಲ್ಲಿ ಬೆರಳು ಇಳಿಯಿತು. ನನ್ನದರ ಎದೆಯ ಮೇಲೆ ಬೆರಳು ನಿಂತಿತು.

"ಇದಪ್ಪ ಹುಲ್ಲಿನ ಕೋಳಿ ಅಂದ್ರೆ," ಎಂದು ರಿಬ್ಬನ್ ಕೈಗೆತ್ತಿಕೊಂಡರು.

ನನ್ನ ಬಾಯಿ ಸುಮ್ಮನಿರಬೇಕಲ್ಲ. ಹೆಮ್ಮೆ ಉಕ್ಕಿ ಬಂತು.

"ಅಲ್ವೇನಮ್ಮ ಮತ್ತೆ? ಗಿಡುಗನ ಕೈಯಿಂದ ಬಿಡಿಸ್ಕೊಂಡು ಬಂದಿರೋದು."

ಬೆರ್ತಿಲಮ್ಮ ಕತ್ತಿನ ಗರಿ ಸರಿಸಿದರು. ಕಲೆ ನೋಡಿ ನಿಟ್ಟುಸಿರುಬಿಟ್ಟರು.

"ನಿಯಮ ಅಂದ್ರೆ ನಿಯಮ ಕಣಮ್ಮ. ನಾನೇನು ಮಾಡ್ಲಿ?"

ರಿಬ್ಬನ್ ಪಕ್ಕದ ಊರಿನವರ ಪಾಲಾಯಿತು. ಅನ್ಸೆಲ್ಮ್ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಹುಲ್ಲುಗಾವಲು ಹೋಯಿತು ಎಂದುಕೊಂಡೆ.

ಆದರೆ ಅವನು ಮೇಜಿನ ಮುಂದೆ ಹೋಗಿ, ನಮ್ಮ ಹುಂಜವನ್ನು ಎರಡೂ ಕೈಯಲ್ಲಿ ಎತ್ತಿ, ಕತ್ತಿನ ಗರಿ ಬಿಡಿಸಿ ಜನಕ್ಕೆಲ್ಲ ಕಾಣುವಂತೆ ಹಿಡಿದ.

"ರಿಬ್ಬನ್ ಯಾರಾದ್ರೂ ಕಟ್ಕೊಳ್ಳಿ. ಗಿಡುಗನ್ನ ಒದ್ದು ಬಂದ ಹುಂಜ ಇನ್ಯಾರ ಹತ್ರ ಇದೆ, ತೋರಿಸ್ರೋ."

ಗಾಸ್ಪಾರ್ ಬಿಡಬೇಕಲ್ಲ. "ಹಂಗಾದ್ರೆ ಮೆಕ್ಕೆಜೋಳ ಯಾವಾಗ ಬಿತ್ತೋದು ಅಣ್ಣ?"

"ಎಲ್ಲಿ ಅಂತ ಬಿತ್ತಲೋ?" ಅಂದ ಅನ್ಸೆಲ್ಮ್. "ಹುಲ್ಲುಗಾವಲಲ್ಲಿ ನಮ್ಮ ಕೋಳಿ ಇರ್ತಾವಲ್ಲ."